ಮಾರಾಟಕ್ಕಿಟ್ಟ ಆಪ್ತವಾಕ್ಯ

ಭಾರತೀಯ ದರ್ಶನಗಳು ಅರಿವಿನ ಮೂಲಗಳನ್ನು ಎಣಿಸುವಾಗ ಪ್ರತ್ಯಕ್ಷ ಮತ್ತು ಅನುಮಾನಗಳ ಪಕ್ಕದಲ್ಲಿ ಶಬ್ದವನ್ನೂ ಚರ್ಚೆಗೆ ಎತ್ತಿಕೊಂಡಿವೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ತಿಳಿಯುವುದು ಅನುಮಾನ, ಬಲ್ಲವರು ಹೇಳಿದ್ದರಿಂದ ತಿಳಿಯುವುದು ಶಬ್ದ. ಚಾರ್ವಾಕರು ಪ್ರತ್ಯಕ್ಷದಾಚೆಗೆ ಯಾವುದನ್ನೂ ಒಪ್ಪಲಿಲ್ಲ. ಬೌದ್ಧರೂ ವೈಶೇಷಿಕರೂ ಶಬ್ದವನ್ನು ಬೇರೆ ಪ್ರಮಾಣವೆಂದು ಎಣಿಸದೆ ಅನುಮಾನದೊಳಗೇ ಅಡಗಿಸಿದರು. ನ್ಯಾಯ, ಮೀಮಾಂಸೆ, ಸಾಂಖ್ಯ, ವೇದಾಂತಗಳು ಅದಕ್ಕೆ ಸ್ವತಂತ್ರ ಪ್ರಮಾಣದ ಸ್ಥಾನ ಕೊಟ್ಟವು. ಮನುಷ್ಯನ ತಿಳಿವಳಿಕೆಯಲ್ಲಿ ಬಹುಪಾಲು ಇನ್ನೊಬ್ಬರ ಬಾಯಿಂದ ಬಂದದ್ದು ಎಂಬುದನ್ನು ನೆನೆದರೆ ಈ ಸ್ಥಾನ ಹೆಚ್ಚಿನದೇನೂ ಅಲ್ಲ. ತಾನು ಹುಟ್ಟಿದ ದಿನ ಯಾವುದೆಂಬುದನ್ನೂ ಪ್ರತಿಯೊಬ್ಬರೂ ಕೇಳಿಯೇ ತಿಳಿದಿರುತ್ತಾರೆ. ಹಾಗಾಗಿ ಯಾರ ಮಾತನ್ನು, ಯಾವ ಕಾರಣಕ್ಕೆ, ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಪಾಠಶಾಲೆಯ ಪ್ರಶ್ನೆಯಾಗಿರುವಂತೆ ಸಂತೆಯ ಪ್ರಶ್ನೆಯೂ ಹೌದು. ವ್ಯಾಪಾರ ಸಂಸ್ಥೆಗಳು ಸಾಮಾಜಿಕ ಜಾಲತಾಣಗಳನ್ನು ಮಾರಾಟದ ಸಾಧನವಾಗಿ ಬಳಸತೊಡಗಿದ ಮೇಲೆ ಈ ಎರಡು ಪ್ರಶ್ನೆಗಳ ನಡುವಿನ ಗೋಡೆ ಉಳಿದಿಲ್ಲ, ಏಕೆಂದರೆ ಅಲ್ಲಿ ಸರಕಿನ ಜೊತೆಗೆ ಸರಕಿನ ಬಗ್ಗೆ ನಂಬಿಕಸ್ಥರು ಆಡುವ ಮಾತೂ ಬೆಲೆಕಟ್ಟಿಸಿಕೊಂಡು ಮಾರಾಟವಾಗುತ್ತಿದೆ.

ಸಾಮಾಜಿಕ ಜಾಲತಾಣವೆಂದರೆ ಗುರುತು ಪರಿಚಯದವರು ತಮ್ಮ ತಮ್ಮ ಹೆಸರಿನ ಪುಟ ತೆರೆದು, ಒಬ್ಬರ ಸುದ್ದಿಯನ್ನು ಇನ್ನೊಬ್ಬರು ನೋಡುತ್ತ, ಮೆಚ್ಚುತ್ತ, ಹಂಚುತ್ತ ಇರಬಹುದಾದ ಅಂತರ್ಜಾಲದ ತಾಣ. 2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಆರಂಭವಾದ ಫೇಸ್‌ಬುಕ್ 2006ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಬಳಸುವವರಿಂದ ಅದು ಹಣ ಕೇಳಲಿಲ್ಲ. ಹಣ ಬರಬೇಕಾದದ್ದು ಜಾಹೀರಾತುದಾರರಿಂದ. 2007ರ ನವೆಂಬರ್‌ನಲ್ಲಿ ತನ್ನ ಜಾಹೀರಾತು ವ್ಯವಸ್ಥೆಯನ್ನು ಲೋಕಕ್ಕೆ ಪರಿಚಯಿಸುವಾಗ ಅದರ ಸ್ಥಾಪಕ ಮಾರ್ಕ್ ಝುಕರ್‌ಬರ್ಗ್ ಮುಂದಿಟ್ಟ ವಾದದ ತಿರುಳು, ನಂಬಿಕೆಯ ಗೆಳೆಯರ ಶಿಫಾರಸಿನಷ್ಟು ಮನುಷ್ಯರ ಮೇಲೆ ಪ್ರಭಾವ ಬೀರುವುದು ಬೇರೊಂದಿಲ್ಲ ಎಂಬುದು. ನೈಯಾಯಿಕರು ಕೇಳಿದ್ದರೆ ತಲೆದೂಗುತ್ತಿದ್ದ ಮಾತು ಅದು. ಆದರೆ ಆ ಮಾತಿನಿಂದ ಹೊರಟ ತೀರ್ಮಾನ ಅವರನ್ನು ಕಂಗೆಡಿಸುತ್ತಿತ್ತು: ಶಿಫಾರಸು ಅಷ್ಟು ಬಲವುಳ್ಳದ್ದಾದರೆ ಅದನ್ನು ಗೆಳೆಯರಿಂದ ತೆಗೆದು ವ್ಯಾಪಾರಿಗೆ ಒದಗಿಸಬಹುದು.

ಆ ತೀರ್ಮಾನದ ಮೊದಲ ಫಲ ಬೀಕನ್ ಎಂಬ ಏರ್ಪಾಡು. ಫೇಸ್‌ಬುಕ್ ಬಳಸುವ ವ್ಯಕ್ತಿ ಹೊರಗಿನ ಅಂಗಡಿಯೊಂದರ ಜಾಲತಾಣದಲ್ಲಿ ಏನಾದರೂ ಕೊಂಡರೆ, ಆ ಸುದ್ದಿ ತಾನಾಗಿಯೇ ಅವರ ಗೆಳೆಯರ ಬಳಗಕ್ಕೆ ತಲುಪುತ್ತಿತ್ತು. ಬೇಡವೆಂದು ಹೇಳುವ ಅವಕಾಶ ಕಣ್ಣಿಗೆ ಬೀಳದ ಮೂಲೆಯಲ್ಲಿತ್ತು. ಹೆಂಡತಿಗೆ ಹೇಳದೆ ಉಡುಗೊರೆಯಾಗಿ ಕೊಡಬೇಕೆಂದು ಒಬ್ಬಾತ ಕೊಂಡ ವಜ್ರದ ಉಂಗುರದ ವಿವರ, ಅದಕ್ಕೆ ಸಿಕ್ಕ ರಿಯಾಯಿತಿಯ ಸಮೇತ, ಆ ಹೆಂಡತಿಯೂ ಸೇರಿದಂತೆ ಇಡೀ ಬಳಗಕ್ಕೆ ಪ್ರಕಟವಾಯಿತು. ವಿರೋಧ ಎದ್ದು, ಮೊಕದ್ದಮೆ ಹೂಡಲಾಗಿ, 2009ರಲ್ಲಿ ಬೀಕನ್ ಮುಚ್ಚಿತು. 95 ಲಕ್ಷ ಡಾಲರ್‌ಗಳಿಗೆ ರಾಜಿಯಾಯಿತು. 2011ರಲ್ಲಿ ಅದೇ ಆಲೋಚನೆ ‘ಸ್ಪಾನ್ಸರ್ಡ್ ಸ್ಟೋರೀಸ್’ ಎಂಬ ಹೆಸರಿನಲ್ಲಿ ಮರಳಿತು. ಯಾರಾದರೂ ಒಂದು ಕಂಪನಿಯ ಪುಟಕ್ಕೆ ಲೈಕ್ ಒತ್ತಿದ್ದರೆ ಅವರ ಹೆಸರು ಮತ್ತು ಚಿತ್ರ ಆ ಕಂಪನಿಯ ಜಾಹೀರಾತಿನಲ್ಲಿ ಗೆಳೆಯರಿಗೆ ಕಾಣಿಸುತ್ತಿದ್ದವು. ಅದೂ ನ್ಯಾಯಾಲಯದ ಮೆಟ್ಟಿಲೇರಿ, 2 ಕೋಟಿ ಡಾಲರ್‌ಗಳ ರಾಜಿಯನ್ನು 2013ರಲ್ಲಿ ನ್ಯಾಯಾಲಯ ಒಪ್ಪಿದ ಮೇಲೆ ಮುಂದಿನ ವರ್ಷ ನಿಂತುಹೋಯಿತು. ಅಷ್ಟು ಹೊತ್ತಿಗೆ ವ್ಯಾಪಾರಕ್ಕೆ ಇನ್ನೂ ಸಲೀಸಾದ ದಾರಿ ಸಿಕ್ಕಿತ್ತು. ಗೆಳೆಯರ ಹೆಸರನ್ನು ಕೇಳದೆ ಬಳಸುವುದರ ಬದಲು, ಗೆಳೆಯರಂತೆ ಮಾತಾಡಬಲ್ಲವರಿಗೆ ಹಣ ಕೊಟ್ಟು ಮಾತಾಡಿಸುವ ದಾರಿ ಅದು. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್ ಈ ಬಗೆಯ ಮಾತಿನ ದೊಡ್ಡ ಅಂಗಳವಾಯಿತು, ಅಲ್ಲಿ ಮಾತಾಡುವವರಿಗೆ ಇನ್‌ಫ್ಲುಯೆನ್ಸರ್ ಎಂಬ ಹೆಸರು ಬಂದಿತು.

ಇದರಲ್ಲಿ ತಪ್ಪಿರುವುದು ಎಲ್ಲಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಜಾಹೀರಾತು ಉತ್ಪ್ರೇಕ್ಷೆ ಮಾಡುತ್ತದೆ ಎಂಬುದು. ಈ ಉತ್ತರ ಗುರಿ ತಪ್ಪಿದೆ. ಉತ್ಪ್ರೇಕ್ಷೆಗೆ ಶಾಸ್ತ್ರದಲ್ಲಿಯೇ ಗೌರವದ ಜಾಗವಿದೆ. ವೇದವಾಕ್ಯಗಳ ಅರ್ಥನಿರ್ಣಯವನ್ನೇ ಕೆಲಸವಾಗಿಸಿಕೊಂಡ ಪೂರ್ವಮೀಮಾಂಸೆ, ಇಂಥದ್ದನ್ನು ಮಾಡಬೇಕೆಂದು ವಿಧಿಸುವ ವಾಕ್ಯವನ್ನು ವಿಧಿ ಎಂದೂ, ಆ ಕೆಲಸವನ್ನೋ ಅದರ ದೇವತೆಯನ್ನೋ ಹೊಗಳಿ ಮಾಡುವವರಲ್ಲಿ ಹುರುಪು ತುಂಬುವ ವಾಕ್ಯವನ್ನು ಅರ್ಥವಾದ ಎಂದೂ ಬೇರ್ಪಡಿಸುತ್ತದೆ. ವಾಯುವಿಗೆ ಆಹುತಿ ಕೊಡಬೇಕೆನ್ನುವುದು ವಿಧಿಯಾದರೆ, ವಾಯುವಿನಷ್ಟು ವೇಗದ ದೇವತೆ ಇಲ್ಲವೆಂದು ಕೊಂಡಾಡುವುದು ಅರ್ಥವಾದ. ಯೂಪಸ್ತಂಭವನ್ನು ಸೂರ್ಯನೆಂದು ಕರೆಯುವ ವಾಕ್ಯ ಪ್ರತ್ಯಕ್ಷಕ್ಕೆ ವಿರುದ್ಧವಾದರೂ ಮೀಮಾಂಸಕರು ಅದನ್ನು ಸುಳ್ಳೆನ್ನುವುದಿಲ್ಲ, ಹೊಳಪಿನ ಗುಣವನ್ನು ಹೇಳುವ ಗುಣವಾದವೆಂದು ಓದುತ್ತಾರೆ. ಹೊಗಳಿಕೆ ಹೊಗಳಿಕೆಯೆಂದೇ ಗೊತ್ತಿದ್ದಾಗ ಕೇಳುವವರು ಅದನ್ನು ಅಕ್ಷರಶಃ ಅಳೆಯುವುದಿಲ್ಲ ಎಂಬುದು ಇದರ ಹಿಂದಿನ ತಿಳಿವು. ಸಂತೆಯಲ್ಲಿ ಮಾವಿನ ಹಣ್ಣನ್ನು ಸಕ್ಕರೆಯೆಂದು ಕೂಗಿ ಮಾರುವವರ ಮೇಲೆ ಯಾರೂ ದಾವೆ ಹೂಡುವುದಿಲ್ಲ.

ಕನ್ನಡ ನಾಡಿನ ವ್ಯಾಪಾರದ ಇತಿಹಾಸದಲ್ಲಿ ಈ ಅರ್ಥವಾದಕ್ಕೆ ಕಲ್ಲಿನ ಸಾಕ್ಷಿಯಿದೆ. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡು ದಕ್ಷಿಣ ಭಾರತದುದ್ದಕ್ಕೂ ವಹಿವಾಟು ನಡೆಸಿದ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ತನ್ನ ಶಾಸನಗಳ ಆರಂಭದಲ್ಲಿ ಉದ್ದನೆಯ ಪ್ರಶಸ್ತಿಯನ್ನು, ಎಂದರೆ ಹೊಗಳಿಕೆಯ ಗದ್ಯವನ್ನು, ಕೆತ್ತಿಸುತ್ತಿತ್ತು. ತಮ್ಮ ಶೌರ್ಯ, ಸತ್ಯ, ತಾವು ಪಾಲಿಸುವ ವೀರಬಣಂಜು ಧರ್ಮ, ತಾವು ಸುತ್ತಿದ ದೇಶಗಳು, ತಾವು ಸಾಗಿಸುವ ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳೆಲ್ಲ ಅಲ್ಲಿ ಬರುತ್ತವೆ. ವಿನಯಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ. ಆದರೆ ಆ ಹೊಗಳಿಕೆ ಹೊಗಳಿಸಿಕೊಂಡವರದೇ ಎಂಬುದನ್ನು ಶಾಸನ ಮುಚ್ಚಿಡುವುದಿಲ್ಲ. ದಾರಿಹೋಕರೊಬ್ಬರು ತಾವಾಗಿ ಮೆಚ್ಚಿ ಬರೆದಂತೆ ಐನೂರ್ವರು ಕೆತ್ತಿಸಿದ್ದರೆ ಅದು ಬೇರೆಯೇ ಜಾತಿಯ ಬರಹವಾಗುತ್ತಿತ್ತು. ಸಾಮಾಜಿಕ ಜಾಲತಾಣದ ಮಾರಾಟ ಮುಟ್ಟಿರುವುದು ಆ ಬೇರೆ ಜಾತಿಯನ್ನು. ಅದರ ದೋಷವಿರುವುದು ಹೊಗಳಿಕೆಯ ಅಳತೆಯಲ್ಲಿ ಅಲ್ಲ, ಹೊಗಳಿಕೆ ಹಾಕಿಕೊಂಡ ವೇಷದಲ್ಲಿ.

ವೇಷ ಏಕೆ ದೋಷವೆಂಬುದನ್ನು ನ್ಯಾಯದರ್ಶನ ಸ್ಪಷ್ಟವಾಗಿ ತೋರಿಸಬಲ್ಲದು. ಅಕ್ಷಪಾದ ಗೌತಮನ ನ್ಯಾಯಸೂತ್ರಗಳು ಶಬ್ದಪ್ರಮಾಣವನ್ನು ಆಪ್ತನ ಉಪದೇಶವೆಂದು ಗುರುತಿಸುತ್ತವೆ. ಇಂದಿನ ಬಳಕೆಯಲ್ಲಿ ಆಪ್ತ ಎಂದರೆ ಹತ್ತಿರದವನು, ಶಾಸ್ತ್ರದಲ್ಲಿ ಹಾಗಲ್ಲ. ಭಾಷ್ಯಕಾರ ವಾತ್ಸ್ಯಾಯನನ ವಿವರಣೆಯಂತೆ, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತಿಗೆ ತೊಡಗಿದವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತ ಸೇರಿಸುತ್ತಾನೆ. ಇದು ಸಣ್ಣ ಮಾತಲ್ಲ, ಏಕೆಂದರೆ ಕುಲ, ಪದವಿ, ಕೀರ್ತಿಗಳನ್ನೆಲ್ಲ ಪಕ್ಕಕ್ಕಿಟ್ಟು ಎರಡೇ ಷರತ್ತುಗಳನ್ನು ಅದು ಉಳಿಸುತ್ತದೆ: ಕಂಡಿರಬೇಕು, ಕಂಡಂತೆ ಹೇಳುವ ಮನಸ್ಸಿರಬೇಕು. ಹತ್ತು ಲಕ್ಷ ಫಾಲೋವರ್‌ಗಳಿರುವುದು ಇವೆರಡರಲ್ಲಿ ಯಾವುದನ್ನೂ ಪೂರೈಸುವುದಿಲ್ಲ.

ಮೊದಲ ಷರತ್ತು ಮುರಿದು ಬೀಳುವುದಕ್ಕೆ ಫೈರ್ ಫೆಸ್ಟಿವಲ್ ಎಂಬ ಸಂಗೀತೋತ್ಸವದ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 2016ರ ಡಿಸೆಂಬರ್‌ನಲ್ಲಿ ಹಲವು ಹೆಸರಾಂತ ರೂಪದರ್ಶಿಗಳು ಒಟ್ಟಾಗಿ ತಮ್ಮ ಇನ್‌ಸ್ಟಾಗ್ರಾಮ್ ಪುಟಗಳಲ್ಲಿ ಬರಿಯ ಕಿತ್ತಳೆ ಬಣ್ಣದ ಚೌಕವೊಂದನ್ನು ಪ್ರಕಟಿಸಿ, ಬಹಾಮಾಸ್ ದ್ವೀಪದಲ್ಲಿ ನಡೆಯಲಿರುವ ಉತ್ಸವದ ಸುಳಿವು ಕೊಟ್ಟರು. ಉತ್ಸವ ಆಗ ಎಲ್ಲಿಯೂ ಇರಲಿಲ್ಲ. ಅವರು ಹೊಗಳಿದ್ದು ತಾವು ಕಾಣದ್ದನ್ನು, ಕಾಣಲು ಸಾಧ್ಯವೇ ಇಲ್ಲದ್ದನ್ನು. 2017ರ ಏಪ್ರಿಲ್‌ನಲ್ಲಿ ದುಬಾರಿ ಟಿಕೆಟ್ ಕೊಂಡು ದ್ವೀಪಕ್ಕೆ ಇಳಿದವರನ್ನು ಎದುರುಗೊಂಡದ್ದು ಪ್ರಕೃತಿವಿಕೋಪದ ನಿರಾಶ್ರಿತರಿಗೆಂದು ಹಾಕುವಂಥ ಡೇರೆಗಳು. ಸಂಘಟಕನಿಗೆ ಮರುವರ್ಷ 6 ವರ್ಷಗಳ ಸೆರೆವಾಸವಾಯಿತು. ಒಂದೇ ಪೋಸ್ಟ್‌ಗೆ ಎರಡೂವರೆ ಲಕ್ಷ ಡಾಲರ್ ಪಡೆದಿದ್ದರೆಂದು ವರದಿಯಾದ ರೂಪದರ್ಶಿಯೊಬ್ಬರು ಕೊನೆಗೆ 90,000 ಡಾಲರ್ ಮರಳಿಸಿ ರಾಜಿ ಮಾಡಿಕೊಂಡರು. ಉಳಿದದ್ದು ಆಪ್ತತ್ವದ ಬಾಡಿಗೆಯೆಂದು ತಿಳಿಯಬೇಕು.

ಎರಡನೆಯ ಷರತ್ತು ಇನ್ನೂ ಸೂಕ್ಷ್ಮವಾದದ್ದು. ಹಣ ಪಡೆದವರು ಹೇಳಿದ್ದು ನಿಜವೇ ಆಗಿದ್ದರೆ? ಸಾಬೂನು ನಿಜವಾಗಿಯೂ ಒಳ್ಳೆಯದು, ಅದನ್ನು ಹೊಗಳಿದವರು ಅದನ್ನೇ ಬಳಸುತ್ತಾರೆ, ಆದರೆ ಹೊಗಳಿದ್ದು ಹಣಕ್ಕಾಗಿ ಎಂದಿಟ್ಟುಕೊಂಡರೆ ಆ ಮಾತಿನ ಸ್ಥಾನವೇನು? ನ್ಯಾಯ ಪರಂಪರೆಯಲ್ಲಿ ಇದಕ್ಕೆ ಹತ್ತಿರದ ಚರ್ಚೆಯೊಂದಿದೆ. 14ನೆಯ ಶತಮಾನದ ಮಿಥಿಲೆಯ ಗಂಗೇಶ ಉಪಾಧ್ಯಾಯನಿಂದ ನೆಲೆಗೊಂಡ ನವ್ಯನ್ಯಾಯ, ವಂಚಿಸಲು ಹೊರಟು ಆಕಸ್ಮಿಕವಾಗಿ ನಿಜವನ್ನೇ ಹೇಳಿಬಿಟ್ಟವನ ಮಾತನ್ನೂ, ಅರ್ಥವರಿಯದೆ ನಿಜವನ್ನು ನುಡಿದ ಗಿಳಿಯ ಮಾತನ್ನೂ ಪರೀಕ್ಷೆಗೆ ಒಡ್ಡುತ್ತದೆ. ನೈಯಾಯಿಕರದು ಪರತಃಪ್ರಾಮಾಣ್ಯವಾದ, ಎಂದರೆ, ಜ್ಞಾನವೊಂದು ಸರಿಯಾಗಿರುವುದು ಅದನ್ನು ಹುಟ್ಟಿಸಿದ ಕಾರಣಗಳಲ್ಲಿರುವ ಗುಣದಿಂದ, ಮಾತಿನ ವಿಷಯದಲ್ಲಿ ಹೇಳುವವರ ಯಥಾರ್ಥಜ್ಞಾನದಿಂದ. ಹಾಗಿರುವಾಗ ಗಿಳಿಯಿಂದಲೂ ವಂಚಕನಿಂದಲೂ ಕೇಳುವವರಿಗೆ ಸರಿಯಾದ ತಿಳಿವು ಹುಟ್ಟಿದ್ದಾದರೂ ಹೇಗೆ ಎಂಬುದು ಅವರನ್ನು ಕಾಡಿದ ತೊಡಕು. ಬಾಡಿಗೆಯ ಹೊಗಳಿಕೆ ಈ ಎರಡರ ನಡುವೆ ನಿಲ್ಲುತ್ತದೆ. ಬರೆದುಕೊಟ್ಟದ್ದನ್ನು ಓದುವುದರಿಂದ ಅದರಲ್ಲಿ ಗಿಳಿಯ ಅಂಶವಿದೆ. ಬರೆದುಕೊಟ್ಟವರು ಯಾರೆಂದು ಹೇಳದಿರುವುದರಿಂದ ವಂಚಕನ ಅಂಶವೂ ಇದೆ. ಸಾಬೂನು ಚೆನ್ನಾಗಿದ್ದರೆ ಕೇಳಿದವರಿಗೆ ನಷ್ಟವಿಲ್ಲ, ನಿಜ. ಆದರೆ ಅವರಿಗೆ ನಿಜ ದಕ್ಕಿದ್ದು ಹೇಳಿದವರ ಇಚ್ಛೆಯಿಂದಲ್ಲ, ಸಾಬೂನಿನ ಪುಣ್ಯದಿಂದ. ಬೆಲೆ ಕೊಟ್ಟವರು ಬೇರೆಯವರಾಗಿದ್ದರೆ ಅದೇ ಬಾಯಿ, ಅದೇ ನಗುವಿನಿಂದ, ಬೇರೆ ಸಾಬೂನನ್ನು ಹೊಗಳುತ್ತಿತ್ತು.

ಕಾನೂನು ಈ ಷರತ್ತುಗಳ ಕಡೆಗೆ, ದರ್ಶನದ ಹಂಗಿಲ್ಲದೆಯೇ, ನಡೆದುಬಂದಿರುವುದು ಗಮನಿಸತಕ್ಕದ್ದು. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡಗಳ ಮಂಡಳಿ, ಹಣ ಅಥವಾ ಉಡುಗೊರೆ ಪಡೆದ ಪೋಸ್ಟ್‌ಗೆ ಜಾಹೀರಾತೆಂಬ ಗುರುತು ಹಾಕಬೇಕೆಂಬ ನಿಯಮವನ್ನು 2021ರ ಜೂನ್‌ನಿಂದ ಜಾರಿಗೆ ತಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಸರಕನ್ನು ಅನುಮೋದಿಸಿದ ವ್ಯಕ್ತಿಯೂ ಈ ದಂಡಕ್ಕೆ ಒಳಗಾಗಬಹುದು. ಆದರೆ ಜಾಹೀರಾತಿನ ಮಾತು ನಿಜವೇ ಎಂದು ತಕ್ಕಷ್ಟು ಎಚ್ಚರದಿಂದ ಪರಿಶೀಲಿಸಿದ್ದವರಿಗೆ ವಿನಾಯಿತಿಯಿದೆ. ಪರಿಶೀಲಿಸಿರಬೇಕು ಎನ್ನುವುದು ವಾತ್ಸ್ಯಾಯನನ ಮೊದಲ ಷರತ್ತಿನ ಬಡ ತಮ್ಮ. ಹಣ ಪಡೆದದ್ದನ್ನು ತಿಳಿಸಬೇಕು ಎನ್ನುವುದು ಎರಡನೆಯದರ ಬಡ ತಮ್ಮ. ಇಚ್ಛೆಯನ್ನು ಕಾನೂನು ಅಳೆಯಲಾರದು, ಆದ್ದರಿಂದ ಇಚ್ಛೆಯನ್ನು ಬಾಗಿಸಿದ ಹಣವನ್ನು ತೋರಿಸೆನ್ನುತ್ತದೆ. ಹಣವಿದೆ ಎಂದಷ್ಟೇ ತೋರಿಸಿದರೆ ಸಾಕೇ ಎಂಬ ಪ್ರಶ್ನೆಯೂ ಎದ್ದಿದೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಕಿಮ್ ಕರ್ದಾಶಿಯನ್ ಅವರ ಮೇಲೆ ಕ್ರಮ ಕೈಗೊಂಡು 12.6 ಲಕ್ಷ ಡಾಲರ್‌ಗಳಿಗೆ ಪ್ರಕರಣ ಇತ್ಯರ್ಥಪಡಿಸಿತು. ಕ್ರಿಪ್ಟೊ ನಾಣ್ಯವೊಂದನ್ನು ಹೊಗಳಿದ ಅವರ ಪೋಸ್ಟ್‌ನಲ್ಲಿ ಅದು ಜಾಹೀರಾತೆಂಬ ಚಿಹ್ನೆ ಇತ್ತು. ಇಲ್ಲದಿದ್ದದ್ದು, ಅದಕ್ಕಾಗಿ 2.5 ಲಕ್ಷ ಡಾಲರ್ ಸಂದಿದೆಯೆಂಬ ಮಾಹಿತಿ. ಕನ್ನಡದ ರೀಲ್ಸ್‌ಗಳಲ್ಲಾದರೋ ಮಾತೆಲ್ಲ ಅಚ್ಚಗನ್ನಡದಲ್ಲಿದ್ದು ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಎಂಬ ಎರಡು ಪದಗಳು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ, ಸಣ್ಣ ಅಕ್ಷರದಲ್ಲಿ, ಮೇಲಿನ ಅಂಚಿನಲ್ಲಿ ಕುಳಿತಿರುವುದು ಅಪರೂಪವಲ್ಲ. ತಿಳಿಸಬೇಕಾದವರಿಗೆ ತಿಳಿಯದಂತೆ ತಿಳಿಸುವ ಕಲೆಯೂ ಒಂದಿದೆ.

ಮೀಮಾಂಸಕರಿಗೆ ಈ ವಿಷಯದಲ್ಲಿ ನೈಯಾಯಿಕರ ಜೊತೆ ಜಗಳವಿದೆ, ಮತ್ತು ಜಾಲತಾಣದ ದೈನಂದಿನ ಅನುಭವದಲ್ಲಿ ಗೆಲುವು ಹೆಚ್ಚುಕಡಿಮೆ ಮೀಮಾಂಸಕರದ್ದೇ. ಕುಮಾರಿಲಭಟ್ಟ ಮೊದಲಾದವರ ಸ್ವತಃಪ್ರಾಮಾಣ್ಯವಾದದ ಪ್ರಕಾರ ಹುಟ್ಟಿದ ಜ್ಞಾನ ತಾನಾಗಿಯೇ ಪ್ರಮಾಣ. ಬಾಧಕವಾದ ಇನ್ನೊಂದು ಜ್ಞಾನ ಬರುವವರೆಗೆ, ಅಥವಾ ಅದರ ಮೂಲದಲ್ಲಿ ದೋಷ ಕಾಣುವವರೆಗೆ, ಅದನ್ನು ಶಂಕಿಸಬೇಕಾಗಿಲ್ಲ. ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಹೋಗುವವರು ಪ್ರತಿ ಪೋಸ್ಟ್‌ನ ಕರ್ತೃವಿನ ಗುಣವನ್ನು ಪರೀಕ್ಷಿಸುತ್ತ ಕೂರುವುದಿಲ್ಲ. ಕಂಡದ್ದನ್ನು ನಂಬುತ್ತಲೇ ಮುಂದಕ್ಕೆ ಸಾಗುತ್ತಾರೆ. ಮಾತಿಗೆ ದೋಷ ಅಂಟುವುದು ಆಡುವವರಿಂದ, ಆಡಿದವರೇ ಇಲ್ಲದ ವೇದಕ್ಕೆ ಆದ್ದರಿಂದ ದೋಷವಿಲ್ಲ ಎಂಬುದು ಮೀಮಾಂಸೆಯ ಮುಂದಿನ ಹೆಜ್ಜೆ. ಅಪೌರುಷೇಯ, ಎಂದರೆ ಯಾವ ಪುರುಷನೂ ರಚಿಸದ್ದು, ಎಂಬ ಈ ಕಲ್ಪನೆಯ ಅಣಕದಂತಿದೆ ಜಾಲತಾಣದ ಫೀಡ್. ಯಾವ ಪೋಸ್ಟ್ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಲೆಕ್ಕಾಚಾರದ ಕ್ರಮಕ್ಕೆ ಅಲ್ಗಾರಿದಮ್ ಎಂದು ಹೆಸರು. ಅದಕ್ಕೆ ಮುಖವಿಲ್ಲ, ಹೆಸರಿಲ್ಲ. ‘ನಿಮಗಾಗಿ’ ಎಂದು ಅದು ಮುಂದಿಟ್ಟ ಸೀರೆಯನ್ನು ಅಲ್ಲಿ ಇಟ್ಟವರು ಯಾರೆಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ತೋರಿಸಲು ಬಾರದ್ದರಿಂದಲೇ ಅದು ನಿಷ್ಪಕ್ಷಪಾತವೆಂಬ ಭಾವನೆ ಬೆಳೆಯುತ್ತದೆ. ಆದರೆ ಅದರ ಹಿಂದೆ ಹರಾಜು ನಡೆದಿರುತ್ತದೆ. ಅದೇ ಜಾಗಕ್ಕೆ ಹಲವು ಜಾಹೀರಾತುದಾರರು ಸವಾಲು ಹಾಕಿ, ಹಣ ಮತ್ತು ಕ್ಲಿಕ್ ಆಗುವ ಸಂಭವ ಎರಡನ್ನೂ ತೂಗಿ, ಕ್ಷಣಾರ್ಧದಲ್ಲಿ ಒಬ್ಬರು ಗೆದ್ದಿರುತ್ತಾರೆ. ವೇದಕ್ಕೆ ಕರ್ತೃವಿಲ್ಲವೆಂದವರು ಅದರ ಹಿಂದೆ ಲಾಭ ಪಡೆಯುವವರನ್ನು ಕೂರಿಸಿರಲಿಲ್ಲ.

ಇಲ್ಲಿಯವರೆಗಿನ ವಿಚಾರ ಹೇಳುವವರನ್ನು ಕುರಿತದ್ದು. ಕೇಳುವವರಿಗೆ ಏನಾಗುತ್ತದೆ ಎಂಬುದಕ್ಕೆ ವರ್ತಕರ ಧರ್ಮವೆಂದೇ ಹೆಸರಾದ ಜೈನಧರ್ಮದ ಗೃಹಸ್ಥನೀತಿ ಹೆಚ್ಚು ನೆರವಾಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅಣುವ್ರತಗಳಿಗೆ, ಎಂದರೆ ಗೃಹಸ್ಥರು ಪಾಲಿಸಬಹುದಾದ ಸಣ್ಣ ವ್ರತಗಳಿಗೆ, ಒಂದೊಂದಕ್ಕೂ ಐದೈದು ಅತಿಚಾರಗಳನ್ನು ಪಟ್ಟಿಮಾಡುತ್ತದೆ. ಅತಿಚಾರವೆಂದರೆ ವ್ರತವನ್ನು ಪೂರ್ತಿ ಮುರಿಯದೆ ಅದರ ಅಂಚನ್ನು ಸವೆಸುವ ನಡೆ. ಕರ್ನಾಟಕದ ಜೈನ ಪರಂಪರೆಯಲ್ಲಿ ಪೂಜ್ಯನಾದ ಆಚಾರ್ಯ ಪೂಜ್ಯಪಾದ ತನ್ನ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇವನ್ನು ವಿವರಿಸಿದ್ದಾನೆ. ಸತ್ಯವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ತಪ್ಪು ದಾರಿಗೆ ಹಚ್ಚುವ ಬೋಧನೆ, ಅದು ನಿರೀಕ್ಷಿತವೇ. ಎರಡನೆಯದು ರಹೋಭ್ಯಾಖ್ಯಾನ: ಗಂಡುಹೆಣ್ಣುಗಳು ಏಕಾಂತದಲ್ಲಿ ನಡೆಸಿದ್ದನ್ನು ಹೊರಗೆ ಹಾಕುವುದು. ಹೊರಗೆ ಹಾಕಿದ ಸಂಗತಿ ನಿಜವೇ ಆಗಿರುತ್ತದೆ, ಆದರೂ ಅದು ಸತ್ಯವ್ರತಕ್ಕೆ ಕಲೆಯೆಂದು ಎಣಿಕೆಯಾಗಿದೆ ಎಂಬಲ್ಲಿ ಜೈನ ಚಿಂತನೆಯ ಸೂಕ್ಷ್ಮವಿದೆ. ಉಂಗುರ ಕೊಂಡ ಗಂಡನ ಬಗ್ಗೆ ಬೀಕನ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಐದನೆಯದು ಸಾಕಾರಮಂತ್ರಭೇದ. ಸಂದರ್ಭದಿಂದ, ಮೈಯ ಚಲನೆಯಿಂದ, ಹುಬ್ಬು ಹಾರಿಸಿದ್ದರಿಂದ ಇನ್ನೊಬ್ಬರ ಮನಸ್ಸಿನಲ್ಲಿರುವ ಉದ್ದೇಶವನ್ನು ಊಹಿಸಿ ಅದನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವುದು ಇದರ ಅರ್ಥ. ಜಾಲತಾಣದ ಮಾರಾಟದ ಯಂತ್ರ ನಡೆಸುವ ಕೆಲಸವನ್ನು ಇದಕ್ಕಿಂತ ಕರಾರುವಾಕ್ಕಾಗಿ ಬಣ್ಣಿಸುವ ಪದ ಹೊಸ ಪರಿಭಾಷೆಯಲ್ಲಿಯೂ ಸಿಗದು. ಯಾವ ಚಿತ್ರದ ಮೇಲೆ ಬೆರಳು ಎಷ್ಟು ಹೊತ್ತು ತಡೆದು ನಿಂತಿತು, ಯಾವ ವಿಡಿಯೊವನ್ನು ಎರಡನೆಯ ಸಲ ನೋಡಲಾಯಿತು, ರಾತ್ರಿ ಎಷ್ಟು ಹೊತ್ತಿಗೆ ಯಾವ ಪುಟ ತೆರೆಯಿತು ಎಂಬಿವೆಲ್ಲ ಇಂದಿನ ಹುಬ್ಬಿನ ಚಲನೆಗಳು. ಅವುಗಳಿಂದ ಮದುವೆಯ ಸಿದ್ಧತೆಯನ್ನೋ ಸಾಲದ ಅಗತ್ಯವನ್ನೋ ಕಾಯಿಲೆಯ ಅಂಜಿಕೆಯನ್ನೋ ಊಹಿಸಿ, ಆ ಊಹೆಗೆ ತಕ್ಕ ಜನರ ಮುಂದೆ ನಿಲ್ಲುವ ಅವಕಾಶವನ್ನು ವ್ಯಾಪಾರಿಗಳಿಗೆ ಮಾರಲಾಗುತ್ತದೆ. ಹೆಸರನ್ನು ಮಾರುವುದಿಲ್ಲ, ಆ ಬಗೆಯವರ ಗುಂಪನ್ನಷ್ಟೇ ತೋರಿಸುತ್ತೇವೆ ಎಂಬುದು ಕಂಪನಿಗಳ ಸಮಜಾಯಿಷಿ, ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ವ್ಯಾಖ್ಯಾನಕಾರ ಅಸೂಯೆ ಮೊದಲಾದವನ್ನು ಈ ಅತಿಚಾರದ ಪ್ರೇರಣೆಯೆಂದು ಹೇಳಿದ್ದಾನೆ; ಇಲ್ಲಿ ಅಸೂಯೆಯಿಲ್ಲ, ಯಾರ ಮೇಲೂ ಹಗೆಯಿಲ್ಲ, ಲೋಭವೊಂದೇ ಇದೆ. ಹಗೆಯಿಲ್ಲದೆ ಗುಟ್ಟು ಬಿಟ್ಟುಕೊಟ್ಟರೆ ದೋಷ ಕಡಿಮೆಯಾಗುತ್ತದೆಯೇ ಎಂಬುದನ್ನು ಜೈನ ಆಚಾರ್ಯರು ಇಂದು ಮತ್ತೆ ಕೂತು ಚರ್ಚಿಸಬೇಕಾಗುತ್ತದೆ.

ಅಸ್ತೇಯವ್ರತದ, ಎಂದರೆ ಕದಿಯದಿರುವ ವ್ರತದ, ಅತಿಚಾರಗಳ ಕೊನೆಯಲ್ಲಿ ಎರಡು ಅಂಗಡಿಯ ತಪ್ಪುಗಳಿವೆ: ಅಳತೆ ತೂಕದಲ್ಲಿ ಮೋಸ ಮಾಡುವ ಹೀನಾಧಿಕಮಾನೋನ್ಮಾನ, ಅಸಲಿಯಂತೆ ಕಾಣುವ ನಕಲಿಯನ್ನು ಮಾರುವ ಪ್ರತಿರೂಪಕವ್ಯವಹಾರ. ಹಣ ಕೊಟ್ಟು ಫಾಲೋವರ್‌ಗಳನ್ನು ಕೊಳ್ಳುವುದರಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತವೆ, ಏಕೆಂದರೆ ಅಲ್ಲಿ ನಕಲಿ ಮನುಷ್ಯರೇ ತೂಕದ ಕಲ್ಲುಗಳು. ಇಂಥ ಫಾಲೋವರ್‌ಗಳನ್ನು ಮಾರುತ್ತಿದ್ದ ಡೆವುಮಿ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಕ್ರಮ ಕೈಗೊಂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಜಾಲತಾಣದ ವ್ಯಾಪಾರವೇ ಅಧರ್ಮವೆಂಬ ತೀರ್ಮಾನಕ್ಕೆ ಹಾರುವುದು ಅನ್ಯಾಯ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ಸೀರೆಯನ್ನು ಗಮನಿಸಬಹುದು. ಅದರ ಮೈಯ ಹಾಸಿನ ನೂಲು ಬೇರೆ, ಸೆರಗಿನ ಹಾಸಿನ ನೂಲು ಬೇರೆ. ಮೈಯದು ಸಾಮಾನ್ಯವಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿ ನೇಯುವುದು ಅಲ್ಲಿನವರ ಹಳೆಯ ಕೌಶಲ. ಮಾರುವವರು ಫೇಸ್‌ಬುಕ್ ಲೈವ್‌ನಲ್ಲಿ ಸೀರೆಯ ಮಡಿಕೆ ಬಿಚ್ಚಿ, ಮೈ ಮುಗಿದು ಸೆರಗು ಮೊದಲಾಗುವ ಗೆರೆಯನ್ನು ಮೊಬೈಲಿನ ಕಣ್ಣಿಗೆ ಹತ್ತಿರ ಹಿಡಿದು, ಬೆಳಕಿಗೆ ಒಡ್ಡಿ, ಸಾಲಾಗಿ ಕೂತ ಕೊಂಡಿಗಳನ್ನು ಬೆರಳಿನಿಂದ ತೋರಿಸಿ, ತಿರುವಿ ಹಿಂಬದಿಯನ್ನೂ ತೋರಿಸಿದರೆ, ಅಲ್ಲಿ ಆಪ್ತವಾಕ್ಯಕ್ಕೆ ಬೇಕಾದ ಎಲ್ಲವೂ ಇದೆ. ಮಾರುವವರು ಮಾರುವವರೆಂದೇ ಗೊತ್ತಿದೆ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ, ನೋಡುವವರು ಅಷ್ಟರಮಟ್ಟಿಗೆ ಪ್ರತ್ಯಕ್ಷದಿಂದ ತಾಳೆ ನೋಡಬಹುದು. ಪೇಟೆಯ ಅಂಗಡಿಗೂ ದಲ್ಲಾಳಿಗೂ ಕಾಯದೆ ಬೆಂಗಳೂರಿನ, ಪುಣೆಯ, ದುಬೈಯ ಗಿರಾಕಿಗೆ ತಲುಪುವುದು ಇಂಥ ಊರುಗಳಿಗೆ ಸಣ್ಣ ಅನುಕೂಲವಲ್ಲ. ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿ ಆರ್ಡರ್ ಪಡೆಯುವ ಮನೆಗಳ ವಿಷಯವೂ ಹೀಗೆಯೇ. ಅಲ್ಲಿ ಗಿರಾಕಿಯ ನಾಲಿಗೆ ಮರುದಿನವೇ ತೀರ್ಪು ಕೊಡುತ್ತದೆ. ತೊಂದರೆ ಬರುವುದು ರೀಚ್ ಕಡಿಮೆಯಾದಾಗ, ಎಂದರೆ ಪೋಸ್ಟ್ ನೋಡುವವರ ಸಂಖ್ಯೆ ಇಳಿದಾಗ. ಬೂಸ್ಟ್ ಮಾಡಿ ಎಂದು ತಾಣ ಹಣ ಕೇಳುತ್ತದೆ. ಪಕ್ಕದಲ್ಲಿಯೇ ವಿದ್ಯುತ್ ಮಗ್ಗದ ನಕಲನ್ನು ಕೈಮಗ್ಗದ್ದೆಂದು ಹೇಳಿ ಅರ್ಧ ಬೆಲೆಗೆ ಮಾರುವವರು ಹೆಚ್ಚು ಹಣ ಕಟ್ಟಿರುತ್ತಾರೆ. ಫೋಟೊದಲ್ಲಿ ಎರಡೂ ಒಂದೇ ಕೆಂಪು.

ಶರಣರ ಕಾಯಕದ ಕಲ್ಪನೆ ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಕಾಯಕವೆಂದರೆ ಶ್ರದ್ಧೆಯಿಂದ ಮಾಡುವ ದುಡಿಮೆ. ಅದರ ಫಲ ಮೊದಲು ದಾಸೋಹಕ್ಕೆ, ಎಂದರೆ ಹಂಚಿಕೆಗೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದದ್ದಕ್ಕಿಂತ ಹೆಚ್ಚೇಕೆ ತಂದಿರಿ, ಹೋಗಿ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಅವನನ್ನು ಮರಳಿ ಕಳಿಸಿದ ಪ್ರಸಂಗ ಶರಣರ ಕಥನಗಳಲ್ಲಿ ಪ್ರಸಿದ್ಧವಾಗಿದೆ. ಜಾಲತಾಣದ ಕಂಪನಿಗಳದ್ದೂ ಒಂದರ್ಥದಲ್ಲಿ ಆಯ್ದಕ್ಕಿಯ ಕಸುಬು. ಜನ ಅಂತರ್ಜಾಲದಲ್ಲಿ ಓಡಾಡುವಾಗ ಚೆಲ್ಲುವ ಕಾಳುಗಳನ್ನು, ನೋಡಿದ್ದು, ತಡೆದದ್ದು, ಹುಡುಕಿದ್ದು, ಬಿಟ್ಟದ್ದು ಎಲ್ಲವನ್ನೂ ಅವು ಆಯ್ದುಕೊಳ್ಳುತ್ತವೆ. ಬಿದ್ದದ್ದನ್ನು ಆಯ್ದುಕೊಂಡರೆ ಕಳವಲ್ಲ ಎಂಬ ವಾದ ಅವುಗಳಿಗೂ ಇದೆ. ಆದರೆ ಮಾರಯ್ಯ ಆಯ್ದದ್ದೂ ಕದ್ದ ಅಕ್ಕಿಯಲ್ಲ. ಲಕ್ಕಮ್ಮ ಅವನನ್ನು ಕೇಳಿದ್ದು ಹೆಚ್ಚಿನದರ ಬಗ್ಗೆ.

ಆ ಹೆಚ್ಚಿನದರ ಪ್ರಶ್ನೆ ಭಾರತದ ಕಾನೂನಿನೊಳಗೆ ಬಂದದ್ದು ಇತ್ತೀಚೆಗೆ, ಮತ್ತು ಅದರ ಆರಂಭದಲ್ಲಿ ಕರ್ನಾಟಕದವರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅದರ ಬೆನ್ನಿಗೆ ನಡೆದ ಹಲವು ವರ್ಷಗಳ ಚರ್ಚೆಯ ನಂತರ 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯ ಒಪ್ಪಿಗೆಯೆಂಬುದು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ ಎನ್ನುತ್ತದೆ. ಬೇಕಾದಷ್ಟು ಎಂಬ ಪದವನ್ನು ಅಳೆಯುವ ಕೆಲಸ ಮುಂದೆ ನ್ಯಾಯಾಲಯಗಳ ಪಾಲಿಗೆ ಬರುತ್ತದೆ, ಮತ್ತು ಅದು ಲಕ್ಕಮ್ಮನಿಗೆ ಇದ್ದಷ್ಟು ಸುಲಭವಾಗಿರದು. ಅವಳಿಗೆ ಆ ದಿನದ ದಾಸೋಹಕ್ಕೆ ಎಷ್ಟು ಅಕ್ಕಿ ಬೇಕೆಂಬುದು ಗೊತ್ತಿತ್ತು, ಹೆಚ್ಚಾದ ಅಕ್ಕಿ ಅವಳ ಕಣ್ಣೆದುರಿಗೆ ಗಂಡನ ಸೆರಗಿನಲ್ಲಿತ್ತು, ಅದನ್ನು ಎಲ್ಲಿಂದ ತಂದದ್ದೋ ಅಲ್ಲಿಗೆ ಒಯ್ದು ಸುರಿಯಲು ಜಾಗವಿತ್ತು. ಒಬ್ಬರ ಬೆರಳು ಒಂದು ಚಿತ್ರದ ಮೇಲೆ ತಡೆದು ನಿಂತ ಹೊತ್ತಿನ ಲೆಕ್ಕ ಒಮ್ಮೆ ಊಹೆಯಾಗಿ, ಊಹೆ ಗುಂಪಾಗಿ, ಗುಂಪು ಹರಾಜಿನಲ್ಲಿ ಹೋದ ಮೇಲೆ ಅದನ್ನು ಯಾವ ಅಂಗಳಕ್ಕೆ ಮರಳಿ ಸುರಿಯಬೇಕೆಂಬುದನ್ನು ಕಾಯ್ದೆ ಇನ್ನೂ ಹೇಳಿಲ್ಲ.